ಹೋರಿ ಪಾಸೋ ಫೇಲೋ

ಎಂಬತ್ತರ ದಶಕದ ನಡುವಿನಲ್ಲಿ ನಾನು ಹೋರಿಗಳ ಬೀಜ ಅಳೆಯುವ ಕೆಲಸ ಮಾಡುತ್ತಿದ್ದೆ. ಇದನ್ನು ಹೀಗೆ ನೇರವಾಗಿ ಹೇಳಿದರೆ ನಮ್ಮನೆಯವರು ಇವತ್ತಿಗೂ ಟಿವಿಯ ವಾಲ್ಯೂಮು ಹೆಚ್ಚಿಸುತ್ತಾರೆ.

ಆಗ ನಾವು ಮೌಂಟನ್ ವ್ಯೂನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಅವರು ಕಂಪ್ಯೂಟರಿನ ಚಿಪ್ಪು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು. ನಾನು ಧಾರವಾಡದವಳು, ಬೆಂಗಳೂರಿನಲ್ಲಿ ಪಶುವೈದ್ಯ ಓದಿದವಳು. ಆ ಪದವಿಯನ್ನು ಕ್ಯಾಲಿಫೋರ್ನಿಯಾದವರು ತಿರುಗಿಸಿ ಮುರುಗಿಸಿ ನೋಡಿ, ಇಲ್ಲಿಯ ಪರೀಕ್ಷೆ ಬರಿ, ಆಮೇಲೆ ಮಾತಾಡೋಣ ಎಂದಿದ್ದರು. ಅಲ್ಲಿಯತನಕ ದನದ ಡಾಕ್ಟರೊಬ್ಬರ ಕೈಕೆಳಗೆ ಅಸಿಸ್ಟೆಂಟಾಗಿ ಸೇರಿಕೊಂಡೆ. ಕನ್ನಡದವರು ಸೇರಿದಲ್ಲೆಲ್ಲ ನಮ್ಮನೆಯವರು "ಅಕಿ ಲ್ಯಾಬಿನಾಗ ಕೆಲಸ ಮಾಡ್ತಾಳ" ಎನ್ನುತ್ತಿದ್ದರು. ಸುಳ್ಳೇನಲ್ಲ. ಮೈಕ್ರೋಸ್ಕೋಪು ಇತ್ತು. ಅದು ಪಿಕಪ್ ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತಿರುತ್ತಿತ್ತು, ಸುತ್ತ ಸಗಣಿ ಇರುತ್ತಿತ್ತು, ಅಷ್ಟೇ.

ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸಬೇಕು ಎನ್ನುವ ಮನೆಯಿಂದ ಬಂದವಳಿಗೆ, ಮಾಂಸಕ್ಕೆಂದೇ ಸಾಕುವ ದನಗಳ ವಂಶೋದ್ಧಾರಕ್ಕೆ ನಿಂತದ್ದು ಬೇಜಾರಾಗಲಿಲ್ಲವೇ ಎಂದು ಆಮೇಲೆ ವಿಷಯ ತಿಳಿದವರು ಕೇಳುತ್ತಿದ್ದರು. ಆಗಲಿಲ್ಲ. ಮೊದಲ ಸಲ ಅಂಥ ಹೋರಿಯ ಹತ್ತಿರ ನಿಂತಾಗ ನನಗೆ ಆದದ್ದು ಸಂತೋಷ. ಎಂಟು ತಿಂಗಳು ಅಪಾರ್ಟ್‌ಮೆಂಟಿನಲ್ಲಿ ಕೂತು ಕಾರ್ಪೆಟ್ಟಿನ ವಾಸನೆ ಕುಡಿದಿದ್ದೆ. ದನದ ವಾಸನೆ ಮೂಗಿಗೆ ಬಿದ್ದದ್ದೇ ಕಣ್ಣಲ್ಲಿ ನೀರು ಬಂತು. ಡಾಕ್ಟರು ಅಲರ್ಜಿಯೇ ಎಂದು ಕೇಳಿದರು.

ಕೆಲಸ ಇಷ್ಟು. ಚಳಿಗಾಲದ ಮೊದಲು ಇಲ್ಲಿ ಹೋರಿಗಳನ್ನು ಹಸುಗಳ ಹಿಂಡಿನೊಳಗೆ ಬಿಡುತ್ತಾರೆ. ಬಿಡುವ ಮುಂಚೆ, ಈ ಮಹಾರಾಯ ಕೆಲಸಕ್ಕೆ ಬರುತ್ತಾನೋ ಇಲ್ಲವೋ ಎಂದು ಡಾಕ್ಟರು ಪರೀಕ್ಷೆ ಮಾಡಿ ಬರೆದುಕೊಡಬೇಕು. ಮೊದಲು ದೂರ ನಿಂತು ನಡೆಸಿ ನೋಡುವುದು. ಹಿಂಗಾಲು ನೆಟ್ಟಗಿರಬೇಕು, ಗೊರಸು ಸರಿಯಿರಬೇಕು, ಕಣ್ಣು ಚೆನ್ನಾಗಿರಬೇಕು, ಕುಂಟುವವನು ಗುಡ್ಡ ಹತ್ತಿ ಹಸು ಹುಡುಕಲಾರ. ಆಮೇಲೆ ಕಬ್ಬಿಣದ ಕಟಾಂಜನದೊಳಗೆ ನಿಲ್ಲಿಸಿ ಹಿಂದಿನಿಂದ ಕೈ ಹಾಕಿ ಒಳಗಿನ ಗ್ರಂಥಿ ಮುಟ್ಟಿ ನೋಡುವುದು. ಬೀಜದ ಚೀಲಕ್ಕೆ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುವುದು. ಸಣ್ಣಗೆ ಕರೆಂಟು ಕೊಡುವ ಕೊಳವೆಯಿಂದ ವೀರ್ಯ ತೆಗೆದು, ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಜೀವವಿದ್ದರೆ ಗಾಜಿನ ಮೇಲೆ ಮೋಡ ಸುತ್ತಿದ ಹಾಗೆ ಕಾಣುತ್ತದೆ. ಪಾಸಾದರೆ ನಲವತ್ತು ಹೆಂಡತಿಯರು. ಫೇಲಾದರೆ ಹ್ಯಾಂಬರ್ಗರು. ಎರಡು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿ ಎಂದು ಬರೆಯಲು ಫಾರ್ಮಿನಲ್ಲಿ ಜಾಗವೇನೋ ಇತ್ತು. ಆದರೆ ಹಸುಗಳು ಅಷ್ಟು ದಿನ ಕಾಯುವುದಿಲ್ಲ, ಒಣಗಿದ ಗುಡ್ಡದಲ್ಲಿ ಕೆಲಸಕ್ಕೆ ಬಾರದ ಹೋರಿಗೆ ಹುಲ್ಲೂ ಇರುವುದಿಲ್ಲ. ಹಾಗಾಗಿ ಫೇಲಾದವರು ಸಾಮಾನ್ಯವಾಗಿ ಲಾರಿ ಹತ್ತುತ್ತಿದ್ದರು.

ನಮ್ಮಲ್ಲಿ ಗಂಡು ನೋಡಲು ಹೋದವರು ಇದರ ಕಾಲುಭಾಗ ಶ್ರದ್ಧೆ ತೋರಿಸಿದ್ದನ್ನು ನಾನು ಕಂಡಿಲ್ಲ. ಜಾತಕ, ಸಂಬಳ, ಗ್ರೀನ್ ಕಾರ್ಡು. ನಡೆಸಿ ಕೂಡ ನೋಡುವುದಿಲ್ಲ.

ಆ ವರ್ಷ ಹೋರಿಗಳ ಪರೀಕ್ಷೆ ಶುರುವಾಗುವ ಹೊತ್ತಿಗೆ ಸರಿಯಾಗಿ ಡಾಕ್ಟರ ಬೆನ್ನು ಹಿಡಿದುಕೊಂಡಿತು. ಬಗ್ಗಲಾಗದು, ಏಳಲಾಗದು. ಟ್ರಕ್ಕಿನ ಸೀಟನ್ನು ಹಿಂದಕ್ಕೆ ಒರಗಿಸಿ, ಬೆನ್ನಿಗೆ ಬಿಸಿನೀರಿನ ಚೀಲ ಕೊಟ್ಟುಕೊಂಡು ಮಲಗಿ, "ನೀನೇ ಎಲ್ಲ ನೋಡು, ನೀನು ಹೇಳಿದ್ದಕ್ಕೆ ನಾನು ಸಹಿ ಹಾಕ್ತೀನಿ" ಎಂದರು. ನನಗೆ ಬೇಕಾಗಿದ್ದದ್ದೇ ಅದು. ಎರಡು ವರ್ಷದಿಂದ ಟೇಪಿನ ಒಂದು ತುದಿ ಹಿಡಿದು ನಿಂತಿದ್ದವಳು ಈಗ ಎರಡೂ ತುದಿ ಹಿಡಿದೆ.

ಅಧಿಕಾರ ಸಿಕ್ಕಿದ ಮೊದಲ ದಿನವೇ ಟ್ರಕ್ಕು ಸ್ವಚ್ಛ ಮಾಡಿದೆ. ಡಾಕ್ಟರು ಒಳ್ಳೆಯವರು, ಆದರೆ ಕೊಳಕು ಮನುಷ್ಯ. ಗಾಜಿನ ಸ್ಲೈಡುಗಳನ್ನು ಟ್ರಕ್ಕಿನ ಡ್ಯಾಶ್‌ಬೋರ್ಡಿನ ಮೇಲೆ, ಬಿಸಿಗಾಳಿ ಬರುವ ಕಿಂಡಿಯ ಮುಂದೆ ಸಾಲಾಗಿ ಹರಡಿಕೊಂಡಿರುತ್ತಿದ್ದರು. ಜೊತೆಗೆ ಹಳೇ ರಸೀತಿ, ಕಾಫಿ ಕಪ್ಪು, ಒಂದು ಕಾಲುಚೀಲ. ನಾನು ಎಲ್ಲ ತೆಗೆದು ಒರೆಸಿ, ಸ್ಲೈಡುಗಳನ್ನು ಒಂದು ಡಬ್ಬಿಯಲ್ಲಿ ಜೋಡಿಸಿ ಟ್ರಕ್ಕಿನ ಹಿಂದೆ ಮೈಕ್ರೋಸ್ಕೋಪಿನ ಪಕ್ಕ ಇಟ್ಟೆ. ಹತ್ತಿರದಲ್ಲಿ ನಲ್ಲಿ ಇದ್ದರೆ, ಬಳಸುವ ಮುಂಚೆ ಪ್ರತಿಯೊಂದನ್ನೂ ನೀರಿನಲ್ಲಿ ಗಲಬರಿಸಿ, ಕೊಡವಿ, ಆಮೇಲೆ ಹನಿ ಹಾಕುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ತೊಳೆದಿಟ್ಟ ಲೋಟವನ್ನೂ ಇನ್ನೊಮ್ಮೆ ಗಲಬರಿಸದೆ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ನೀರು ಕೊಟ್ಟವರಲ್ಲ. ಕೈ ತಾನಾಗಿ ನಲ್ಲಿಯ ಕಡೆ ಹೋಗುತ್ತದೆ.

ಹೀಗೆ ಒಂದು ತಿಂಗಳು ಕಳೆದ ಮೇಲೆ, ನವೆಂಬರಿನ ಒಂದು ಗುರುವಾರ, ಹಾಫ್ ಮೂನ್ ಬೇಯ ಆಚೆ ಸಮುದ್ರದ ಕಡೆಯ ಗುಡ್ಡದ ಮೇಲಿದ್ದ ಒಂದು ಸಣ್ಣ ರ‍್ಯಾಂಚಿಗೆ ಹೋದೆವು. ಒಡತಿ ಎಪ್ಪತ್ತು ದಾಟಿದ ಮುದುಕಿ. ಗಂಡ ತೀರಿಕೊಂಡಿದ್ದ. ನಲವತ್ತು ಹಸು, ಒಂದು ಹೋರಿ. ಕೆಂಪು ಮೈ, ಬಿಳಿ ಮುಖ, ಹಣೆಯ ಮೇಲೆ ಗುಂಗುರು ಕೂದಲು, ನಮ್ಮ ಕಡೆಯ ಯಾವುದೋ ಕಾರ್ಪೊರೇಟರನ ಗತ್ತು. ಅದರ ತಾಯಿ ಹೆರಿಗೆಯಲ್ಲಿ ಸತ್ತು, ಮುದುಕಿಯೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳಂತೆ. ಇದನ್ನು ಅವಳು ಹೇಳಲಿಲ್ಲ, ಡಾಕ್ಟರು ಹೇಳಿದರು. ಅವಳು ಹೇಳಿದ್ದು ಇಷ್ಟೇ: "ಸೋಮವಾರ ಬೆಳಿಗ್ಗೆ ಏಳಕ್ಕೆ ಲಾರಿ ಬರುತ್ತೆ, ಎರಡು ಮುದಿ ಹಸು ಹೋಗ್ತಿವೆ. ಇವನೂ ಹೋಗಬೇಕಾ ಇಲ್ಲವಾ ಹೇಳಿಬಿಡು. ಹೋದ ವರ್ಷ ಕರು ಕಮ್ಮಿ ಬಿದ್ದಿವೆ."

ಮಂಜು ಎಷ್ಟಿತ್ತೆಂದರೆ ಹೋರಿಯ ಬಾಲ ಹಿಡಿದರೆ ತಲೆ ಕಾಣುತ್ತಿರಲಿಲ್ಲ. ನಡಿಗೆ ಚೆನ್ನಾಗಿತ್ತು. ಕಣ್ಣು, ಗೊರಸು, ಒಳಗಿನ ಗ್ರಂಥಿ ಎಲ್ಲ ಸರಿ. ಟೇಪಿನ ಅಳತೆಯಂತೂ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಪರೀಕ್ಷೆ ಮುಗಿಯುವವರೆಗೂ ಅದು ಕಟಾಂಜನದೊಳಗೆ ನಿಂತು ಮುದುಕಿಯ ಅಂಗಿಯ ತೋಳು ನೆಕ್ಕುತ್ತಿತ್ತು. ನಾನು ಬೇಲಿ ಪಕ್ಕದ ನಲ್ಲಿಯಲ್ಲಿ, ಬೆರಳು ಸೆಟೆದುಹೋಗುವಂಥ ನೀರಿನಲ್ಲಿ, ಸ್ಲೈಡು ಗಲಬರಿಸಿ ಕೊಡವಿ ಹನಿ ಹಾಕಿ ನೋಡಿದೆ. ಒಂದೂ ಅಲುಗಲಿಲ್ಲ. ಇನ್ನೊಂದು ಸ್ಲೈಡು ತೊಳೆದು ನೋಡಿದೆ. ಅಲ್ಲೊಂದು ಇಲ್ಲೊಂದು ಮಿಸುಕುತ್ತಿತ್ತು. ಬಣ್ಣ ಹಾಕಿ ನೋಡಿದರೆ ಬಾಲಗಳೆಲ್ಲ ಸುರುಳಿ. ನನಗೆ ಅನುಮಾನವೇ ಬರಲಿಲ್ಲ. ನಾಚಿಕೆಯ ವಿಷಯ, ಆದರೂ ಹೇಳುತ್ತೇನೆ: ಒಳಗೊಳಗೇ ಸ್ವಲ್ಪ ಖುಷಿಯೇ ಆಯಿತು. ನೋಡಲು ಇಷ್ಟು ಚೆಂದದ ಹೋರಿಯ ಹುಳುಕನ್ನು ಒಬ್ಬಳೇ ಹಿಡಿದೆನಲ್ಲ ಎಂದು. ಫೇಲು ಎಂದು ಬರೆದೆ, ಡಾಕ್ಟರು ಮಲಗಿದಲ್ಲಿಂದಲೇ ಸಹಿ ಹಾಕಿದರು. ಮುದುಕಿ ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಆ ತೋಳನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋದಳು.

ಭಾನುವಾರ ಲಾಸ್ ಆಲ್ಟೋಸ್‌ನಲ್ಲಿ ಮಂಗಳೂರಿನವರೊಬ್ಬರ ಹೊಸ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಐವತ್ತು ಜನ, ಹತ್ತು ಥರದ ರೇಷ್ಮೆ. ನಾನೂ ಕಂಚಿ ಸೀರೆ ಉಟ್ಟು ಅಡಿಗೆಮನೆಯಲ್ಲಿ ಉಪಕಾರ ಮಾಡುವವರ ಗುಂಪಿನಲ್ಲಿ ನಿಂತಿದ್ದೆ. ಅಲ್ಲಿಯ ಮುಖ್ಯ ದೇವರು ಹೊಸ ಡಿಶ್‌ವಾಷರು. ಮನೆಯೊಡತಿ ಅದರ ಬಾಗಿಲು ತೆರೆದು ಹಬೆಯಾಡುವ ಲೋಟಗಳನ್ನು ಎಲ್ಲರಿಗೂ ದರ್ಶನ ಮಾಡಿಸುತ್ತಿದ್ದಳು. ನಾನು ಎರಡು ಲೋಟ ಎತ್ತಿಕೊಂಡು ಸೀದಾ ನಲ್ಲಿಯ ಕೆಳಗೆ ಹಿಡಿದೆ.

"ಎಂತ ಮಾರಾಯ್ತಿ ನೀನು, ಅದನ್ನು ಪುನಃ ಯಾಕೆ ತೊಳೆಯುವುದು?" ಎಂದಳು ಅವಳು. "ಒಣಗಿ ಬೆಚ್ಚಗೆ ಉಂಟು. ಅದಕ್ಕೆ ತಣ್ಣೀರು ಹೊಯ್ದು ಹಾಳು ಮಾಡ್ತಿಯಲ್ಲ."

ನಾನು ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಒಣಗಿ, ಬೆಚ್ಚಗೆ. ಡಾಕ್ಟರು ಕಾಲುಚೀಲದ ಪಕ್ಕ, ಬಿಸಿಗಾಳಿಯ ಮುಂದೆ ಸ್ಲೈಡು ಹರಡುತ್ತಿದ್ದದ್ದು ಕೊಳಕುತನಕ್ಕಲ್ಲ. ವೀರ್ಯಕ್ಕೆ ತಣ್ಣನೆಯ ಗಾಜು ತಾಗಿದರೆ ಅದು ಅಲ್ಲೇ ಸೆಟೆದುಹೋಗುತ್ತದೆ. ಒಂದು ತೊಟ್ಟು ನೀರು ಸೇರಿದರೂ ಬಾಲ ಸುರುಳಿ ಸುತ್ತುತ್ತದೆ. ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಬೆಂಗಳೂರಿನಲ್ಲಿ ಪ್ರಾಕ್ಟಿಕಲ್ಲು ನಡೆದದ್ದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ. ಅಲ್ಲಿ ಗಾಜು ಬೆಚ್ಚಗಿಡಿ ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಹೋರಿಯಲ್ಲಿ ಹುಳುಕಿರಲಿಲ್ಲ. ಅದರ ಸಂತಾನವನ್ನು ನಾನೇ ತಣ್ಣೀರಿನಲ್ಲಿ ಕೊಂದು, ಸತ್ತಿದೆ ಎಂದು ಸರ್ಟಿಫಿಕೇಟು ಬರೆದಿದ್ದೆ. ಬೆಳಗಾದರೆ ಏಳು ಗಂಟೆಗೆ ಲಾರಿ.

ಹೆದರಿಕೆಯಾಯಿತು. ಮೊದಲು ಹೋರಿಗಾಗಿ ಅಲ್ಲ, ನನಗಾಗಿ. ಡಾಕ್ಟರಿಗೆ ಹೇಳಿದರೆ ಇನ್ನು ಟೇಪಿನ ತುದಿಯೂ ಸಿಗುವುದಿಲ್ಲ ಎಂದುಕೊಂಡೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಹೊಳೆಯಿತು. ಅಷ್ಟರಲ್ಲಿ ಆ ಬಿಳಿ ಮುಖ ತೋಳು ನೆಕ್ಕುತ್ತಿದ್ದದ್ದು ನೆನಪಾಯಿತು. ಅಡಿಗೆಮನೆಯ ಗೋಡೆಯ ಫೋನು ಎತ್ತಿಕೊಂಡೆ.

ಹದಿನೈದು ಸಲ ರಿಂಗಾದ ಮೇಲೆ ಮುದುಕಿ ಎತ್ತಿದಳು. ದೇವರ ಮುಂದೆ ಭಟ್ಟರು ಕಥೆಯ ನಾಲ್ಕನೆಯ ಅಧ್ಯಾಯದಲ್ಲಿದ್ದರು, ಮನೆ ನಿಶ್ಶಬ್ದವಾಗಿತ್ತು. ಮುದುಕಿಗೆ ಕಿವಿ ಮಂದ. ಹಾಗಾಗಿ ಹೋರಿಯ ಸೆಮೆನ್ನಿನಲ್ಲಿ ದೋಷವಿಲ್ಲದಿರಬಹುದು, ನಾನು ಅದನ್ನು ಒದ್ದೆ ಗಾಜಿನ ಮೇಲೆ ಹಾಕಿದ್ದೇ ದೋಷ ಎಂಬುದನ್ನು ಐವತ್ತು ಜನ ಭಕ್ತರಿಗೆ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಮೂರು ಸಲ ಹೇಳಬೇಕಾಯಿತು. ಕೋಸಂಬರಿ ಕಲಸುತ್ತಿದ್ದ ಕೈಗಳು ನಿಂತವು. ನಮ್ಮನೆಯವರು ಬಾಗಿಲಲ್ಲಿ ಬಂದು ನಿಂತು, ನಾನು ಯಾರೆಂದು ಗೊತ್ತಿಲ್ಲದವರಂತೆ ಮುಖ ಮಾಡಿದರು.

"ಹಾಗಾದ್ರೆ ಹೋರಿ ಪಾಸಾ?" ಎಂದಳು ಮುದುಕಿ.

"ಗೊತ್ತಿಲ್ಲ. ನಾನು ಫೇಲು ಅನ್ನೋದು ಮಾತ್ರ ಗೊತ್ತು. ಇವತ್ತೇ ಮತ್ತೊಮ್ಮೆ ನೋಡ್ತೀನಿ."

ಅವಳು ಫೋನಿಟ್ಟಳು. ಆಮೇಲೆ ಡಾಕ್ಟರ ಮನೆಗೆ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಟ್ರಕ್ಕು ತರ್ತೀನಿ, ಅಲ್ಲಿಗೇ ಬಾ" ಎಂದರು. ಪ್ರಸಾದ ತಿನ್ನದೆ ಎದ್ದುಹೋದವರ ಹಡಗು ಮುಳುಗುತ್ತದೆಂದು ಭಟ್ಟರು ಆಗಷ್ಟೇ ಓದಿ ಮುಗಿಸಿದ್ದರು. ನನ್ನ ಹಡಗು ಗುರುವಾರವೇ ಮುಳುಗಿದ್ದರಿಂದ ಧೈರ್ಯವಾಗಿ ಹೊರಟೆ. ಕಾರು ಓಡಿಸಲು ನಮ್ಮನೆಯವರು ಬಂದರು, ಬರದೆ ಗತಿಯಿರಲಿಲ್ಲ. ಫ್ರೀವೇ ಮುಗಿದು ಗುಡ್ಡದ ತಿರುವು ಶುರುವಾದ ಮೇಲೆ, "ಹೋಗಲಿ, ಇನ್ನ ಲ್ಯಾಬ್ ಅಂತ ಹೇಳೋ ತ್ರಾಸು ತಪ್ಪಿತು" ಎಂದರು.

ರ‍್ಯಾಂಚಿನಲ್ಲಿ ಡಾಕ್ಟರು ಬೆನ್ನಿಗೆ ಬೆಲ್ಟು ಬಿಗಿದುಕೊಂಡು, ಟ್ರಕ್ಕಿಗೆ ಒರಗಿ ನಿಂತಿದ್ದರು. ನಾನು ಕಂಚಿ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಮೇಲೆ ಡಾಕ್ಟರ ಮೈತುಂಬ ಮುಚ್ಚುವ ಹಳೇ ಕವರಾಲು ಹಾಕಿಕೊಂಡೆ. ಅಂದೂ ಮಂಜು, ಅಂದೂ ಚಳಿ. ಒಣ ಸ್ಲೈಡುಗಳ ಡಬ್ಬಿ ನಮ್ಮನೆಯವರ ಕೈಗೆ ಕೊಟ್ಟೆ.

"ಇವನ್ನ ಬಗಲಾಗ ಇಟ್ಕೊಳ್ರಿ. ಅಂಗಿ ಒಳಗ."

"ಯಾಕ?"

"ಬೆಚ್ಚಗಿರಬೇಕು. ಮಾತಾಡಬ್ಯಾಡ್ರಿ, ಒತ್ತಿ ಹಿಡೀರಿ."

ಸಿಲಿಕಾನಿನ ಮೇಲೆ ಕೂದಲಿಗಿಂತ ಸಣ್ಣ ಗೆರೆ ಕೊರೆಯುವ ಮನುಷ್ಯ, ಜರಿ ಶಲ್ಯ ಹೊದ್ದು, ಕುಂಕುಮ ಇಟ್ಟುಕೊಂಡು, ಎರಡೂ ಕಂಕುಳಲ್ಲಿ ಗಾಜು ಅವುಚಿಕೊಂಡು ಹೋರಿಯ ಹಿಂದೆ ನಿಂತರು. ಹೋರಿ ತಿರುಗಿ ಅವರನ್ನು ನೋಡಿತು. ಅವರು ಬೇರೆ ಕಡೆ ನೋಡಿದರು. ನನಗೆ ಅವರ ಮೇಲೆ ಆ ಗಳಿಗೆ ಹುಟ್ಟಿದಷ್ಟು ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ.

ಪುಟ್ಟ ಸೀಸೆಯಲ್ಲಿ ಹಿಡಿದದ್ದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಓಡಿದೆ. ಅವರ ಕಂಕುಳಿನ ಸ್ಲೈಡು ತೆಗೆದು, ಹನಿ ಹಾಕಿ, ಬಗ್ಗಿ ನೋಡಿದೆ. ಇಡೀ ಗಾಜು ಸುಳಿ ಸುತ್ತುತ್ತಿತ್ತು. ಒಂದರ ಮೇಲೊಂದು ಬಿದ್ದು, ತಿರುಗಿ, ಮತ್ತೆ ನುಗ್ಗಿ. ನಾನು ಅತ್ತುಬಿಟ್ಟೆ. ಡಾಕ್ಟರು ಬೆಲ್ಟು ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ ನೋಡಿ, "ಪಾಸು" ಎಂದರು. ಮುದುಕಿ, ನಾನೂ ನೋಡಬೇಕು ಎಂದಳು. ಐವತ್ತು ವರ್ಷ ಹೋರಿ ಸಾಕಿದವಳು ಅದನ್ನು ಒಮ್ಮೆಯೂ ನೋಡಿರಲಿಲ್ಲವಂತೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮೂರು ದಿನದಿಂದ ನಾನು ಇವನ ಹತ್ತಿರ ಹೋಗಿಲ್ಲ. ಮೇವು ಹಾಕೋಕೆ ಪಕ್ಕದವನನ್ನ ಕರೆದೆ. ಇವನು ಬೇಲಿ ಹತ್ತಿರ ಬಂದು ಕೂಗ್ತಿದ್ದ, ನಾನು ಕಿಟಕಿ ಮುಚ್ಚಿಕೊಂಡು ಕೂತಿದ್ದೆ. ನಿನ್ನಿಂದಾಗಿ."

"ಹೌದು," ಎಂದೆ. ಅವಳು ಕಟಾಂಜನದ ಹತ್ತಿರ ಹೋಗಿ ಹೋರಿಯ ಕಿವಿಯ ಹಿಂದೆ ಕೆರೆಯತೊಡಗಿದಳು. ನಮ್ಮ ಕಡೆ ಮತ್ತೆ ನೋಡಲಿಲ್ಲ.

ಸಾಮಾನು ಕಟ್ಟುವಾಗ ಡಾಕ್ಟರು ತಗ್ಗಿದ ದನಿಯಲ್ಲಿ ಕೇಳಿದರು, "ಯಾವತ್ತಿಂದ ತೊಳೀತಿದ್ದೀಯ?"

ನಿಮ್ಮ ಬೆನ್ನು ಹಿಡಿದ ದಿನದಿಂದ, ಎಂದೆ. ಅವರು ಟ್ರಕ್ಕಿನೊಳಗಿಂದ ಫಾರ್ಮುಗಳ ಕಟ್ಟು ತಂದರು, ಇಬ್ಬರೂ ಸೇರಿ ಒಂದೊಂದೇ ತಿರುವಿದೆವು. ಹೆಚ್ಚಿನವು ಒಳನಾಡಿನ ಒಣ ಗುಡ್ಡದ ರ‍್ಯಾಂಚುಗಳು. ಅಲ್ಲಿ ಹತ್ತಿರ ನಲ್ಲಿಯೇ ಇರಲಿಲ್ಲ, ಇದ್ದಲ್ಲಿ ಬಿಸಿಲಿಗೆ ಗಾಜು ಕ್ಷಣದಲ್ಲಿ ಒಣಗಿ ಕಾದಿರುತ್ತಿತ್ತು. ಆ ಹೋರಿಗಳೆಲ್ಲ ಪಾಸು. ಒಂದು ಫಾರ್ಮಿನ ಮೇಲೆ ಡಾಕ್ಟರ ಬೆರಳು ನಿಂತಿತು. ಸರಟೋಗಾದ ಮೇಲಿನ ಬೆಟ್ಟದಲ್ಲಿ ಒಂದು ಕರಿಯ ಹೋರಿ. ನಸುಕಿನಲ್ಲಿ ಹೋಗಿದ್ದೆವು, ಹುಲ್ಲಿನ ಮೇಲೆ ಬಿಳಿಯ ಹಿಮ ಕೂತಿತ್ತು, ಕೊಟ್ಟಿಗೆಯ ಪಕ್ಕದಲ್ಲೇ ನಲ್ಲಿ ಇತ್ತು. ಫೇಲು ಎಂದು ನನ್ನ ಅಕ್ಷರದಲ್ಲಿ ಬರೆದಿತ್ತು.

"ಇವರಿಗೆ ನಾನು ಫೋನ್ ಮಾಡ್ತೀನಿ," ಎಂದರು ಡಾಕ್ಟರು. "ಸಹಿ ನನ್ನದು."

"ಗಾಜು ತೊಳೆದದ್ದು ನಾನು," ಎಂದೆ.

ಮರುದಿನ ಬೆಳಿಗ್ಗೆ ನಾನೇ ಫೋನು ಮಾಡಿದೆ. ನಮ್ಮನೆಯವರು ಆಫೀಸಿಗೆ ಹೊರಟವರು ಬೂಟು ಹಾಕಿಕೊಂಡು ಹಾಗೇ ಕೂತಿದ್ದರು. ಆ ರ‍್ಯಾಂಚಿನ ಯಜಮಾನ ಮೆತ್ತಗಿನ ಮನುಷ್ಯ. ನಾನು ಹೇಳಿದ್ದನ್ನೆಲ್ಲ ತಡೆಯದೆ ಕೇಳಿದ. ಹೋರಿಯನ್ನು ಲಾರಿ ಹತ್ತಿಸಿ ಎರಡು ವಾರವಾಯಿತು ಎಂದ. ನನ್ನ ಮೇಲೆ ಅವನಿಗೇ ಕನಿಕರವಾಗಿರಬೇಕು.

"ಮನಸ್ಸಿಗೆ ಹಚ್ಚಿಕೋಬೇಡ," ಎಂದ. "ಹೇಗೂ ಅದಕ್ಕೆ ವಯಸ್ಸಾಗಿತ್ತು."

ಅದರ ಬಾಯಿ ಬಿಡಿಸಿ ಹಲ್ಲು ನೋಡಿ ಫಾರ್ಮಿನಲ್ಲಿ ವಯಸ್ಸು ತುಂಬಿದವಳು ನಾನೇ. ಅದಕ್ಕೆ ಮೂರೇ ವರ್ಷವಾಗಿತ್ತು.